ಕತ್ತರಿಸಿದ ಅಂಚೆಮುದ್ರೆಗಳ ಮೂಲನಿರ್ಣಯ

ಅಂಚೆಯ ಹಾಸಲನ್ನು ಮುಂಗಡವಾಗಿ ಸಲ್ಲಿಸಿದುದಕ್ಕೆ ಗುರುತಾಗಿ ಎರಡು ಬಗೆಯ ಮುದ್ರೆಗಳು ಬಳಕೆಗೆ ಬಂದಿವೆ. ಬೇರೆಯಾಗಿ ಅಚ್ಚಾಗಿ, ಬೆನ್ನಿಗೆ ಅಂಟು ಬಳಿದು, ಕಾಗದದ ಮೇಲೆ ಹಚ್ಚತಕ್ಕ ಚೀಟಿ ಒಂದು. ಲಕೋಟೆ ಅಥವಾ ಕಾರ್ಡಿನ ಮೈಮೇಲೆಯೇ ಒತ್ತಿದ ಮುದ್ರೆ ಮತ್ತೊಂದು. ಇಂಗ್ಲೆಂಡಿನಲ್ಲಿ 1840ನೆಯ ಇಸವಿಯ ಮೇ ತಿಂಗಳಿನಲ್ಲಿ ಇವೆರಡೂ ಅವಳಿಗಳಂತೆ ಹುಟ್ಟಿದುವು. ಒಂದು ಪೆನ್ನಿಯ ಕರಿಯ ಚೀಟಿಗೆ ಜನರು ಕೂಡಲೆ ಒಲಿದರು. ಮಲ್‌ರೆಡಿ ಎಂಬ ಚಿತ್ರಕಾರನು ಬರೆದ ಆಡಂಬರದ ಚಿತ್ರವಿದ್ದ ಲಕೋಟೆಯಾದರೋ ನಗೆಪಾಟಲಿಗೆ ಈಡಾಯಿತು. 1841ರಲ್ಲಿ ಅದರ ಸ್ಥಾನಕ್ಕೆ ರಾಣಿಯ ಮುಖವನ್ನು ಉಬ್ಬಾಗಿ ಒತ್ತಿದ ಸರಳವಾದ ಲಕೋಟೆಗಳು ಬಂದುವು.

ಚೀಟಿಗಳನ್ನು ಕೂಡಿಡುವ ಹವ್ಯಾಸವು ಬೆಳೆದಂತೆ ಈ ಎರಡನೆಯ ಬಗೆಯ ಮುದ್ರೆಗಳಿಗೆ ಕಷ್ಟಕಾಲ ಒದಗಿತು. 1862ರಲ್ಲಿ ಪ್ಯಾರಿಸಿನ ಲಾಲಿಯೇ ಎಂಬವನು ಪ್ರಕಟಿಸಿದ ಆಲ್ಬಮ್ಮಿನಂಥ ಪುಸ್ತಕಗಳಲ್ಲಿ ಒಂದೊಂದು ಮುದ್ರೆಗೂ ಒಂದೊಂದು ಪುಟ್ಟ ಮನೆ. ಇಡೀ ಲಕೋಟೆಯು ಆ ಮನೆಯಲ್ಲಿ ಹಿಡಿಸದು. ಆದುದರಿಂದ ಸಂಗ್ರಾಹಕರು ಕತ್ತರಿ ಹಿಡಿದು ಮುದ್ರೆಯನ್ನು ಮಾತ್ರ ಉಳಿಸಿಕೊಂಡು ಮಿಕ್ಕುದನ್ನು ಬಿಸುಟರು. ಕೆಲವರು ಅಂಚಿನ ಬಿಳುಪನ್ನೂ ಉಳಿಸದೆ ಅಂಡಾಕಾರವಾಗಿಯೋ ಎಂಟು ಮೂಲೆಯಾಗಿಯೋ ಸವರಿದರು. ತಾಳೆಗರಿಯ ಕಟ್ಟಿನಿಂದ ಒಂದು ಗರಿಯನ್ನು ಕಿತ್ತು, ಅದರ ಅಂಚನ್ನೂ ಪತ್ರಸಂಖ್ಯೆಯನ್ನೂ ಕತ್ತರಿಸಿ ಹಾಕಿದರೆ ಗ್ರಂಥಸಂಪಾದಕನಿಗೆ ಎಂಥ ಸಂಕಟವೋ, ಇಂಥ ತುಣುಕನ್ನು ಕಂಡ ಪರೀಕ್ಷಕನಿಗೂ ಅಂಥದೇ ಸಂಕಟ. ಇದು ಹಚ್ಚುವ ಚೀಟಿಯೋ, ಲಕೋಟೆಯ ತುಣುಕೋ ಎಂಬುದು ನಿರ್ಣಯವಾಗದೆ ಅದರ ಕಾಲವನ್ನು ಹೇಳಲಾಗದು.

ಈ ಸಂದೇಹಕ್ಕೆ ಅತ್ಯುತ್ತಮವಾದ ಉದಾಹರಣೆಯು ಇಂಗ್ಲೆಂಡಿನ ಉಬ್ಬುಚೀಟಿಗಳೇ. ಒಂದು ಷಿಲಿಂಗಿನದು 1847ರಲ್ಲಿ, ಹತ್ತು ಪೆನ್ನಿಯದು 1848ರಲ್ಲಿ, ಆರು ಪೆನ್ನಿಯದು 1854ರಲ್ಲಿ ಹೊರಟುವು. ಮೂರೂ ಅಷ್ಟಕೋನವಾದುವು, ವಿಲಿಯಂ ವಯನ್ ಎಂಬ ಪ್ರಸಿದ್ಧ ಪದಕಶಿಲ್ಪಿಯ ಕೈಕೆಲಸ. ಇವುಗಳನ್ನು ಹಾಳೆಯ ಮೇಲೆ ಒಂದೊಂದಾಗಿಯೇ ಒತ್ತುತ್ತಿದ್ದುದರಿಂದ ಅವುಗಳ ನಡುವಣ ಅಂತರವು ಸಮವಾಗಿಲ್ಲ; ಒಂದರ ಅಂಚು ಮತ್ತೊಂದರ ಮೇಲೆ ಹತ್ತಿರುವುದೂ ಉಂಟು. 1855ರಿಂದ ಈಚೆಗೆ ಜನರು ತಾವೇ ತಂದೊಪ್ಪಿಸಿದ ಕಾಗದ ಲಕೋಟೆಗಳ ಮೇಲೂ ಸರ್ಕಾರದವರು ಇದೇ ಮಾದರಿಯ ಮುದ್ರೆಯನ್ನು ಒತ್ತಿಕೊಡುವ ಏರ್ಪಾಡು ನಡೆಯಿತು. ತೊಡಕು ಹುಟ್ಟಿದುದು ಇಲ್ಲಿಯೇ. ಎಂಟು ಮೂಲೆಗೆ ಸವರಿದ ಚೀಟಿಗೂ, ಹಾಗೆಯೇ ಸವರಿದ ಲಕೋಟೆಯ ತುಣುಕಿಗೂ ಮೊದಲ ನೋಟಕ್ಕೆ ಭೇದವೇ ತೋರದು.

ಹಾಗಾದರೆ ವ್ಯಾವರ್ತಕವಾದ ಲಕ್ಷಣ ಯಾವುದು? ಷಿಲಿಂಗಿನ ಮತ್ತು ಹತ್ತು ಪೆನ್ನಿಯ ಚೀಟಿಗಳ ಕಾಗದದಲ್ಲಿ ಡಿಕಿನ್‌ಸನ್ನನ ವಿಧಾನದಂತೆ ರೇಷ್ಮೆಯ ಎಳೆಗಳು ಹುದುಗಿವೆ. ಎಳೆಯುಳ್ಳುದೆಲ್ಲ ಹಚ್ಚುವ ಚೀಟಿ ಎಂದು ಲಕ್ಷಣವನ್ನು ಹೇಳಿದರೆ ಅತಿವ್ಯಾಪ್ತಿ ದೋಷ ಬರುತ್ತದೆ. ಏಕೆಂದರೆ 1841ರ ಲಕೋಟೆಗಳ ಕಾಗದದಲ್ಲಿಯೂ ಅಂಥ ಎಳೆಗಳಿವೆ. ಆದರೆ ಆಗಿನ ಒಂದು ಪೆನ್ನಿಯ ಲಕೋಟೆಯ ಮುದ್ರೆಯು ಅಂಡಾಕಾರ. ಆದುದರಿಂದ ಷಿಲಿಂಗು ಮತ್ತು ಹತ್ತು ಪೆನ್ನಿಗಳ ವಿಷಯದಲ್ಲಿ ಅಷ್ಟಕೋನವೂ ಎಳೆಯೂ ಒಟ್ಟಿಗೆ ಇರಬೇಕೆಂದರೆ ಲಕ್ಷಣವು ನಿಲ್ಲುತ್ತದೆ. ಆರು ಪೆನ್ನಿಯ ಚೀಟಿಯಲ್ಲಿ ಎಳೆಯಿಲ್ಲ. ಬೆಳಕಿಗೆ ಹಿಡಿದರೆ ರಾಣಿಯ ಹೆಸರಿನ ವಿ. ಆರ್. ಎಂಬ ಜಲಚಿಹ್ನೆಯು ತೋರುತ್ತದೆ. ಅದರ ಅಂಟಿಗೆ ಹಸುರು ಬಣ್ಣವನ್ನು ಬೆರಸುತ್ತಿದ್ದರು. ಲಕೋಟೆಯ ತುಣುಕಿಗೆ ಬೆನ್ನಿನ ತುಂಬ ಅಂಟು ಇರಲು ಕಾರಣವಿಲ್ಲ. ಇದ್ದರೆ ಯಾರೋ ತರುವಾಯ ಬಳಿದುದೆಂದು ಶಂಕಿಸಬೇಕು. ಮುದ್ರೆಯೊಳಗೆ ಸಣ್ಣ ವೃತ್ತಗಳಲ್ಲಿ ದಿನ, ತಿಂಗಳು, ವರ್ಷಗಳು ಕಂಡುಬಂದರಂತೂ ವಿಚಾರವೇ ಬೇಡ. ಅದು ಲಕೋಟೆಯ ಕಡೆಯದು.

ಹಿಂದೂದೇಶದ ಸಾಮಗ್ರಿಯಲ್ಲಿ ನಿರ್ಣಯವು ಒಂದಿಷ್ಟು ಸುಲಭ. 1856-57ರ ಸುಮಾರಿಗೆ ಬಂದ ಅರ್ಧ ಆಣೆ, ಒಂದು ಆಣೆಯ ಲಕೋಟೆಗಳಲ್ಲಿ ರಾಣಿಯ ಮುಖವು ಬಿಳಿದಾಗಿ ಉಬ್ಬಿದೆ. ಅದೇ ಕಾಲದ ಹಚ್ಚುವ ಚೀಟಿಗಳೋ ಸಮತಲವಾಗಿ ಅಚ್ಚಾದುವು. ಆದರೂ ಉಬ್ಬು ಕಂಡಲ್ಲೆಲ್ಲ ಲಕೋಟೆಯೆನ್ನಬಾರದು. 1852ರಲ್ಲಿ ಬಾರ್ಟಲ್ ಫ್ರಿಯರ್ ಸಿಂಧ್ ಪ್ರಾಂತದಲ್ಲಿ ಹೊರಡಿಸಿದ ದುಂಡುಚೀಟಿಯು ಉಬ್ಬಾಗಿದ್ದರೂ ಹಚ್ಚತಕ್ಕುದೇ. ಇದಕ್ಕೆ ವಿಪರೀತವಾಗಿ, 1854ರ ನಾಲ್ಕು ಆಣೆಯ ಕೆಂಪು ನೀಲಿ ಚೀಟಿಯ ಚೌಕಟ್ಟು ಅಷ್ಟಕೋನವಾದುದರಿಂದ ಅನೇಕರು ಅದನ್ನು ಎಂಟು ಮೂಲೆಗೆ ಸವರಿದ್ದಾರೆ. ಆಕಾರವನ್ನು ಮಾತ್ರ ನಂಬಿದವನು ಅದನ್ನು ಲಕೋಟೆಯ ತುಣುಕೆಂದು ಭ್ರಮಿಸುವುದು ಸಹಜ. ಅದು ಕಲ್ಲಚ್ಚಿನದು, ಬೆನ್ನು ನಯವಾಗಿದೆ. ಬೆರಳಿನಿಂದ ಮುಟ್ಟಿದರೆ ಭ್ರಮೆಯು ತೊಲಗುತ್ತದೆ.

ಇನ್ನು ಅನುಪಲಬ್ಧಿಯೇ ಪ್ರಮಾಣವಾಗುವ ಒಂದು ಸ್ಥಳವುಂಟು. ಬ್ರಿಟಿಷ್ ಇಂಡಿಯದಲ್ಲಿ ಕಾಲಾಣೆಯ ಕಾರ್ಡು 1879ನೆಯ ಜುಲೈ 1ರಂದು ಬಂದಿತು. ಕಾಲಾಣೆಯ ಹಚ್ಚುವ ಚೀಟಿಯಾದರೋ 1898ರವರೆಗೆ ಇರಲೇ ಇಲ್ಲ. ಆಗಲೂ ಅರ್ಧ ಆಣೆಯ ಚೀಟಿಯ ಮೇಲೆ ಕಾಲು ಎಂಬ ಅಂಕಿಯನ್ನು ಒತ್ತಿ ಕೊಟ್ಟರು. ಆದುದರಿಂದ ಅದಕ್ಕಿಂತ ಹಿಂದಿನ ಕಾಲಾಣೆಯ ಮುದ್ರೆಯು ಕೈಗೆ ಬಂದರೆ, ಅದು ಸಂಸ್ಥಾನದ್ದಲ್ಲವೆಂಬುದು ಖಚಿತವಾದ ಬಳಿಕ, ಕಾರ್ಡಿನಿಂದ ಕತ್ತರಿಸಿದುದೆಂದು ನಿಸ್ಸಂಶಯವಾಗಿ ಹೇಳಬಹುದು.

ಕಾರ್ಡಿನ ತುಣುಕಿಗೆ ಮತ್ತೊಂದು ಸಾಕ್ಷಿಯಿದೆ. ಸಂಗ್ರಾಹಕರು ಅದನ್ನು ಸಾಮಾನ್ಯವಾಗಿ ಕಡೆಗಣಿಸುತ್ತಾರೆ. ವಿಳಾಸವೂ ಮುದ್ರೆಯೂ ಮುಂಬದಿಗೆ, ಒಕ್ಕಣೆಯು ಹಿಂಬದಿಗೆ ಎಂಬುದು ಆಗಿನ ಕಾರ್ಡಿನ ನಿಯಮ. ಆದುದರಿಂದ ಮುದ್ರೆಯ ಬೆನ್ನ ಮೇಲೆ ಒಕ್ಕಣೆಯ ಎರಡು ಮೂರು ಅರೆಸಾಲುಗಳು ಉಳಿದಿರುವುದುಂಟು. ಮೈಸೂರು ಸಂಸ್ಥಾನದ ಅಂಚೆಯು 1889ರಲ್ಲಿ ಇಂಡಿಯ ಸರ್ಕಾರದ ಅಂಚೆಯಲ್ಲಿ ಸೇರಿಹೋಯಿತು. ಆ ಬಳಿಕ ಇಲ್ಲಿಯ ಮನೆಗಳಿಗೂ ಮಠಗಳಿಗೂ ಬಂದ ಕಾರ್ಡುಗಳಿಂದ ಯಾರಾದರೂ ಮುದ್ರೆಯನ್ನು ಕತ್ತರಿಸಿದ್ದರೆ, ಅದರ ಬೆನ್ನಿನ ಮೇಲೆ ಕನ್ನಡದ ನಾಲ್ಕು ಅಕ್ಷರಗಳು ದೊರೆಯಬಹುದು. ಕತ್ತರಿಸಿದವನಿಗೆ ಅವು ಬೇಡವಾಗಿದ್ದುವು. ಮುದ್ರೆಯು ಎಲ್ಲಿ ಬಳಕೆಯಾಯಿತೆಂಬುದಕ್ಕೆ ಅಂಚೆಯ ಠಸ್ಸೆಯು ಅಳಿದ ಕಡೆ ಆ ಅಕ್ಷರಗಳೇ ಆಧಾರ. ಹಳೆಯ ಚೀಟಿಗಳನ್ನು ಬಿಡಿಸಲು ನೀರಿನಲ್ಲಿ ನೆನೆಯಿಡುವ ರೂಢಿಯಿದೆ. ಕಾರ್ಡಿನ ತುಣುಕಿನಲ್ಲಿ ಬಿಡಿಸತಕ್ಕುದು ಏನೂ ಇಲ್ಲ. ನೆನೆಸಿದರೆ ಮಸಿಯು ಕದಡುತ್ತದೆ. ಪರೀಕ್ಷಕನು ಮೊದಲು ಬೆನ್ನನ್ನು ಓದಿ, ಕಂಡ ಅಕ್ಷರಗಳನ್ನು ಕಂಡಂತೆಯೇ ನಕಲುಮಾಡಿಕೊಂಡು, ಅನಂತರ ಮುಖವನ್ನು ನೋಡಬೇಕು.