ನೀರುಗಂಟಿಯಿಂದ ಎಂಜಿನ್ ಕೋಣೆಯವರೆಗೆ: ಶ್ರೀನಿವಾಸಪುರ ಸೀಮೆಯಲ್ಲಿ ಡೀಸೆಲ್ ಯಂತ್ರದ ಚರಿತ್ರೆ

ಶ್ರೀನಿವಾಸಪುರ ತಾಲ್ಲೂಕಿನ ಡೀಸೆಲ್ ಎಂಜಿನ್ನಿನ ಚರಿತ್ರೆಯನ್ನು ಅಲ್ಲಿನ ನೀರಿನ ಚರಿತ್ರೆಯಿಂದ ಬೇರ್ಪಡಿಸಿ ನೋಡಲಾಗದು, ಏಕೆಂದರೆ ಈ ಯಂತ್ರ ಅಲ್ಲಿನ ರೈತರ ಮನೆಮಾತಾದದ್ದು ಬಾವಿಯ ನೀರನ್ನು ಮೇಲೆತ್ತುವ ಸಾಧನವಾಗಿ. ಹಿಂದೆ ಪಾಪನಪಲ್ಲಿ ಎಂದು ಕರೆಯಲ್ಪಡುತ್ತಿದ್ದ ಈ ಊರಿಗೆ ದಿವಾನ್ ಪೂರ್ಣಯ್ಯನವರು ತಿರುಪತಿ ಯಾತ್ರೆಯಿಂದ ಹಿಂದಿರುಗುವಾಗ ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನಿಟ್ಟರೆಂದು ಮೈಸೂರಿನ ಗೆಜೆಟಿಯರ್ ದಾಖಲಿಸುತ್ತದೆ. ಕಸಬಾ, ರೋಣೂರು, ಯಲ್ದೂರು, ರಾಯಲ್ಪಾಡು, ನೆಲವಂಕಿ ಹೋಬಳಿಗಳ ಈ ಸೀಮೆ ಆಂಧ್ರದ ಗಡಿಗೆ ತಾಗಿಕೊಂಡಿದ್ದು, ವರ್ಷವಿಡೀ ಹರಿಯುವ ಒಂದೇ ಒಂದು ನದಿಯೂ ಇಲ್ಲದ ಕಾರಣ, ಬಿದ್ದ ಮಳೆಯನ್ನು ಹಿಡಿದಿಡುವ ಕೆರೆ ಮತ್ತು ಕೆರೆಯ ಇಂಗುನೀರನ್ನು ಪಡೆಯುವ ತೆರೆದ ಬಾವಿ ಇವೆರಡನ್ನೇ ನಂಬಿ ಬದುಕಿತು. ಚಿಕ್ಕಬಳ್ಳಾಪುರ ಬೇರೆಯಾಗುವ ಮುನ್ನ, ಅಂದರೆ 2007ಕ್ಕೆ ಹಿಂದಿನ ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು.

ಈ ಕೆರೆಗಳನ್ನು ನೋಡಿಕೊಳ್ಳುತ್ತಿದ್ದವನು ನೀರುಗಂಟಿ. ಹಳ್ಳಿಗೆ ಸೇವೆ ಸಲ್ಲಿಸಿ ಸುಗ್ಗಿಯಲ್ಲಿ ದವಸದ ಪಾಲು ಪಡೆಯುತ್ತಿದ್ದ ಆಯಗಾರರಲ್ಲಿ ಒಬ್ಬನಾಗಿದ್ದ, ಬಹುಮಟ್ಟಿಗೆ ದಲಿತ ಕುಟುಂಬಗಳಿಗೆ ಸೇರಿದ್ದ ಈ ವ್ಯಕ್ತಿ ತೂಬನ್ನು ಎತ್ತುವುದು, ಇಳಿಸುವುದು, ಕಾಲುವೆಯಿಂದ ಪ್ರತಿ ಗದ್ದೆಗೂ ಸರದಿಯ ಪ್ರಕಾರ ನೀರು ಹಾಯಿಸುವುದು, ಮಳೆಗಾಲದ ರಾತ್ರಿಗಳಲ್ಲಿ ಏರಿಯ ಮೇಲೆ ನಡೆದು ಎಲ್ಲಿ ಜಿನುಗುತ್ತಿದೆ, ಎಲ್ಲಿ ಕುಸಿಯುತ್ತಿದೆ ಎಂದು ನೋಡುವುದು, ಇವೆಲ್ಲವನ್ನೂ ಮಾಡುತ್ತಿದ್ದ. ಅವನ ಕಸುಬಿನ ತಿರುಳು ಎಡೆಬಿಡದ ಗಮನ. ಏರಿ ಒಡೆದ ಮೇಲೆ ಮಾಡುವ ನೂರು ಕೆಲಸಕ್ಕಿಂತ ಒಡೆಯುವ ಮುನ್ನ ಮುಚ್ಚಿದ ಒಂದು ಇಲಿಬಿಲ ಹೆಚ್ಚಿನದು ಎಂಬ ತಿಳಿವಳಿಕೆಯ ಮೇಲೆ ಆ ಕಸುಬು ನಿಂತಿತ್ತು. ಮುಂದೆ ಬಂದ ಯಂತ್ರವೂ ತನ್ನನ್ನು ಕಾಯುವವನಿಂದ ಇದೇ ಗುಣವನ್ನು ಬೇಡಿತು.

ಬಾವಿಯಿಂದ ನೀರೆತ್ತಲು ಎರಡು ಸಾಧನಗಳಿದ್ದವು. ಉದ್ದನೆಯ ಮರದ ತೊಲೆಯನ್ನು ತೂಗಾಡಿಸಿ ನೀರೆತ್ತುವ ಏತ ಆಳ ಕಡಿಮೆಯಿದ್ದ ಕಡೆ ನಡೆಯುತ್ತಿತ್ತು. ಆಳದ ಬಾವಿಗಳಿಗೆ ಕಪಿಲೆ ಬೇಕಾಗುತ್ತಿತ್ತು: ಜೋಡಿ ಎತ್ತುಗಳು ಬಾವಿಯ ಪಕ್ಕದ ಇಳಿಜಾರಿನಲ್ಲಿ ಕೆಳಗಿಳಿಯುವಾಗ, ರಾಟೆಯ ಮೇಲೆ ಹಾಯ್ದ ಹಗ್ಗ ತೊಗಲಿನ ಚೀಲವನ್ನು ಮೇಲಕ್ಕೆಳೆಯುತ್ತಿತ್ತು, ಹೊಡೆಯುವವನು ಹಗ್ಗದ ಮೇಲೆ ಕುಳಿತು ತನ್ನ ಭಾರವನ್ನೂ ಸೇರಿಸುತ್ತಿದ್ದ, ಚೀಲ ಬರಿದಾದೊಡನೆ ಎತ್ತುಗಳು ಹಿಮ್ಮೆಟ್ಟಿ ಇಳಿಜಾರನ್ನು ಏರುತ್ತಿದ್ದವು. ಎತ್ತಿನ ದಣಿವೇ ಈ ವ್ಯವಸ್ಥೆಯ ಮಿತಿಯಾಗಿತ್ತು, ಮತ್ತು ಆ ಮಿತಿಯೊಳಗೆ ಬಾವಿಗೆ ಮತ್ತೆ ಊರಿಕೊಳ್ಳಲು ಬಿಡುವೂ ಸಿಗುತ್ತಿತ್ತು.

ಈ ಮಿತಿಯನ್ನು ಮುರಿದ ಯಂತ್ರ ಯೂರೋಪಿನಲ್ಲಿ ರೂಪುಗೊಂಡಿತು. ಇಂಗ್ಲೆಂಡಿನ ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟ್ 1890ರಲ್ಲಿ ಪೇಟೆಂಟ್ ಪಡೆದ ಎಣ್ಣೆ ಎಂಜಿನ್ನಿನಲ್ಲಿ ಸಿಲಿಂಡರಿಗೆ ಹೊಂದಿದ ಒಂದು ಬುರುಡೆಯನ್ನು ಮೊದಲು ದೀಪದಿಂದ ಕಾಯಿಸಿದರೆ, ಆ ಕಾವಿಗೆ ಎಣ್ಣೆ ಹೊತ್ತಿಕೊಳ್ಳುತ್ತಿತ್ತು. ಜರ್ಮನಿಯ ರುಡಾಲ್ಫ್ ಡೀಸೆಲ್ 1893ರಲ್ಲಿ ಪೇಟೆಂಟ್ ಪಡೆದು, 1897ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ಪರೀಕ್ಷೆಗೊಡ್ಡಿದ ಎಂಜಿನ್ನಿಗೆ ಈ ದೀಪವೂ ಬೇಕಿರಲಿಲ್ಲ. ಗಾಳಿಯನ್ನು ಅದರ ಗಾತ್ರದ ಹದಿನೈದನೇ ಅಥವಾ ಇಪ್ಪತ್ತನೇ ಒಂದು ಭಾಗಕ್ಕೆ ಒತ್ತಿದರೆ ಅದು 500 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ; ಆ ಗಾಳಿಗೆ ಇಂಜೆಕ್ಟರ್ ಎಂಬ ಸೂಕ್ಷ್ಮ ನಳಿಗೆಯಿಂದ ಎಣ್ಣೆಯನ್ನು ಮಂಜಿನಂತೆ ಚಿಮ್ಮಿಸಿದರೆ ಕಿಡಿಯ ನೆರವಿಲ್ಲದೆ ಉರಿಯುತ್ತದೆ. ಕಿಡಿ ಇಲ್ಲದಿರುವುದು ಈ ಯಂತ್ರದ ಬಲವೂ ಹೌದು, ಅಪಾಯವೂ ಹೌದು. ಎಣ್ಣೆ ಮತ್ತು ಗಾಳಿ ದೊರೆಯುತ್ತಿರುವಷ್ಟು ಕಾಲ ಅದು ಓಡುತ್ತಲೇ ಇರುತ್ತದೆ, ಆದ್ದರಿಂದ ಅದನ್ನು ನಿಲ್ಲಿಸಲು ಎಣ್ಣೆಯನ್ನೋ ಗಾಳಿಯನ್ನೋ ತಡೆಯಲೇಬೇಕು.

ಎಣ್ಣೆ ಎಂಜಿನ್ನುಗಳಿಂದ ಬಾವಿಯ ನೀರೆತ್ತಿಸಬಹುದೆಂಬುದನ್ನು ದಕ್ಷಿಣ ಭಾರತದಲ್ಲಿ ಪ್ರಚುರಪಡಿಸಿದವರಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಪ್ರಮುಖರು. 20ನೇ ಶತಮಾನದ ಮೊದಲ ದಶಕದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಇಂಥ ಪಂಪುಗಳ ಪ್ರಯೋಗ ನಡೆಸಿದ ಅವರು ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಅಷ್ಟರಲ್ಲಿ ಕೋಲಾರ ಜಿಲ್ಲೆಗೆ ವಿದ್ಯುತ್ತು ಬಂದಾಗಿತ್ತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ಜಲವಿದ್ಯುತ್ ಯೋಜನೆ, 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ತಲುಪಿಸಿತು. ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದು ಅದಾದ ಮೂರು ವರ್ಷಗಳ ಮೇಲೆ, 1905ರಲ್ಲಿ. ಆದರೆ ಚಿನ್ನ ತೆಗೆಯುವ ಗಣಿಗೆ ದೊರೆತ ಆ ಶಕ್ತಿ ಅದೇ ಜಿಲ್ಲೆಯ ರಾಗಿ, ತರಕಾರಿ ಬೆಳೆಯುವ ಹೊಲಗಳನ್ನು ಮುಟ್ಟಲು ದಶಕಗಳೇ ಹಿಡಿದವು, ಮತ್ತು ಆ ದೀರ್ಘ ಅಂತರವನ್ನು ತುಂಬಿದ್ದು ಡೀಸೆಲ್ ಎಂಜಿನ್.

ಆರಂಭದ ಎಂಜಿನ್ನುಗಳು ಇಂಗ್ಲೆಂಡಿನ ಲಿಸ್ಟರ್, ರಸ್ಟನ್, ಪೆಟ್ಟರ್ ಮುಂತಾದ ಕಾರ್ಖಾನೆಗಳಿಂದ ಬಂದವು. ಲಿಸ್ಟರ್ ಮಾದರಿಯನ್ನು ಮುಂದೆ ಗುಜರಾತಿನ ರಾಜ್‌ಕೋಟ್‌ನಲ್ಲಿ ಬಹುಸಂಖ್ಯೆಯಲ್ಲಿ ತಯಾರಿಸತೊಡಗಿದರು, ಮತ್ತು 1946ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಈ ಯಂತ್ರವನ್ನು ದೇಶದ ರೈತರ ಕೈಗೆ ತಲುಪಿಸಿತು. ಐದು ಅಶ್ವಶಕ್ತಿಯ ಹಳೆಯ ಮಾದರಿಯ ಎಂಜಿನ್ ನಿಮಿಷಕ್ಕೆ 600ರಿಂದ 650 ಸುತ್ತು ತಿರುಗುತ್ತಿತ್ತು. ಅದರ ಎರಡು ಪಕ್ಕಗಳಲ್ಲಿದ್ದ ಫ್ಲೈವೀಲ್, ಅಂದರೆ ಭಾರವಾದ ಕಬ್ಬಿಣದ ಗಾಲಿ, ಒಂದು ಉರಿತದಿಂದ ಮುಂದಿನ ಉರಿತದವರೆಗೆ ವೇಗವನ್ನು ಕಾಯ್ದುಕೊಳ್ಳುತ್ತಿತ್ತು. ಎಂಜಿನ್ ಚಾಲೂ ಮಾಡಲು ಹ್ಯಾಂಡಲ್ಲನ್ನು ಕೈಯಿಂದಲೇ ತಿರುಗಿಸಬೇಕಿತ್ತು. ಸಿಲಿಂಡರಿನ ಒತ್ತಡವನ್ನು ಬಿಡಿಸುವ ಲಿವರನ್ನು ಎತ್ತಿಹಿಡಿದು ಗಾಲಿಗೆ ವೇಗ ಬರುವವರೆಗೆ ತಿರುಗಿಸಿ, ಲಿವರನ್ನು ಬೀಳಿಸಿದೊಡನೆ ಒತ್ತಡ ಕೂಡಿ ಎಂಜಿನ್ ಹೊತ್ತಿಕೊಳ್ಳುತ್ತಿತ್ತು. ವೇಗ ಸಾಲದೆ ಲಿವರ್ ಬೀಳಿಸಿದರೆ ಗಾಲಿ ಹಿಂದಕ್ಕೆ ಒದೆಯುತ್ತಿತ್ತು. ಆದ್ದರಿಂದ ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಡಬೇಕು, ಹಿಡಿಯನ್ನು ಸುತ್ತಬಾರದು ಎಂಬುದು ಕಲಿಯುವವನಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠ. ಇಂಥ ಪಾಠಗಳು ಪುಸ್ತಕದಿಂದ ಬರಲಿಲ್ಲ. ಮುರಿದ ಮಣಿಕಟ್ಟುಗಳಿಂದ ಬಂದವು.

ಎಂಜಿನ್ನಿನ ಜೊತೆಗಿದ್ದ ಪಂಪು ತನ್ನದೇ ಒಂದು ಕಟ್ಟುಪಾಡನ್ನು ತಂದಿತು. ಹೊರಗಿನ ವಾಯುಭಾರವೇ ನೀರನ್ನು ಪಂಪಿನತ್ತ ತಳ್ಳುವುದರಿಂದ, ಸಮುದ್ರಮಟ್ಟದಲ್ಲೂ 10.3 ಮೀಟರಿಗಿಂತ ಹೆಚ್ಚು ಆಳದ ನೀರನ್ನು ಪಂಪು ಹೀರಲಾರದು. ಸುಮಾರು 800 ಮೀಟರ್ ಎತ್ತರದ ಕೋಲಾರ ಸೀಮೆಯಲ್ಲಿ ವಾಯುಭಾರ ಹತ್ತನೇ ಒಂದು ಭಾಗದಷ್ಟು ಕಡಿಮೆಯಿರುವುದರಿಂದ, ಕೊಳವೆಯೊಳಗಿನ ತಿಕ್ಕಾಟವೂ ಸೇರಿ, ಬಳಕೆಯಲ್ಲಿ ದೊರೆಯುತ್ತಿದ್ದುದು ಆರು ಮೀಟರಿನ ಆಸುಪಾಸಿನ ಹೀರುವಿಕೆ ಮಾತ್ರ. ಬೇಸಿಗೆಯಲ್ಲಿ ನೀರು ಇದಕ್ಕಿಂತ ಕೆಳಗಿಳಿದರೆ ಪಂಪೇ ಕೆಳಗಿಳಿಯಬೇಕಾಗುತ್ತಿತ್ತು. ಹೀಗೆ ಬಾವಿಯ ಗೋಡೆಯಲ್ಲಿ ಕಲ್ಲಿನ ಕಟ್ಟೆ ಬಿಡಿಸಿ, ಇಲ್ಲವೇ ತೊಲೆಗಳ ಮೇಲೆ ಅಟ್ಟಣೆ ಕಟ್ಟಿ, ಎಂಜಿನ್ನನ್ನು ಬಾವಿಯೊಳಗೇ ಇಳಿಸುವ ಪದ್ಧತಿ ತೆರೆದ ಬಾವಿಗಳ ನಾಡಿನಲ್ಲಿ ಬೆಳೆಯಿತು.

ಈ ಪದ್ಧತಿಯಲ್ಲಿಯೇ ಡೀಸೆಲ್ ಎಂಜಿನ್ನಿನ ಅತ್ಯಂತ ದೊಡ್ಡ ಅಪಾಯ ಅಡಗಿತ್ತು. ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ, ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲ ಇರುತ್ತದೆ. ಅದು ರಕ್ತವನ್ನು ಸೇರಿ ಪ್ರಾಣವಾಯುವಿನ ಜಾಗವನ್ನು ಆಕ್ರಮಿಸುತ್ತದೆ. ಬಾವಿಯಂಥ ಕಿರಿದಾದ ಜಾಗದಲ್ಲಿ ಎಂಜಿನ್ ತಾನೇ ಅಲ್ಲಿನ ಪ್ರಾಣವಾಯುವನ್ನು ಉರಿಸಿ ಮುಗಿಸುತ್ತಾ, ವಿಷಾನಿಲವನ್ನು ತುಂಬುತ್ತಾ ಹೋಗುತ್ತದೆ. ಎಂಜಿನ್ ಸರಿಪಡಿಸಲೆಂದು ಇಳಿದವನು ತಲೆಸುತ್ತಿ ಬೀಳುವುದು, ಅವನನ್ನು ಎತ್ತಲು ಅಣ್ಣನೋ ಮಗನೋ ಇಳಿದು ಅವನೂ ಬೀಳುವುದು, ಒಂದೇ ಬಾವಿಯಲ್ಲಿ ಒಂದೇ ಮನೆಯ ಹಲವರು ಸಾಯುವುದು, ಇದು ಇಂಥ ದುರಂತಗಳ ಮಾಮೂಲು ಕ್ರಮ. ಹೊಗೆಕೊಳವೆಯನ್ನು ಬಾವಿಯ ಬಾಯಿಗಿಂತ ಮೇಲಕ್ಕೆ ಒಯ್ಯಬೇಕು, ಓಡುತ್ತಿರುವ ಎಂಜಿನ್ನಿನ ಬಳಿಗೆ ಇಳಿಯಬಾರದು, ನಿಲ್ಲಿಸಿದ ಮೇಲೂ ಗಾಳಿಯಾಡಲು ಬಿಟ್ಟು ಆಮೇಲೆ ಇಳಿಯಬೇಕು, ಇಳಿಯುವವನ ಸೊಂಟಕ್ಕೆ ಹಗ್ಗವಿರಬೇಕು ಮತ್ತು ಮೇಲೆ ಹಗ್ಗ ಹಿಡಿದವರು ಇರಬೇಕು ಎಂಬ ನಿಯಮಗಳ ಒಂದೊಂದು ಸಾಲಿಗೂ ಜೀವದ ಬೆಲೆ ತೆತ್ತಾಗಿದೆ. 1948ರ ಕಾರ್ಖಾನೆಗಳ ಕಾಯಿದೆ ತಿರುಗುವ ಯಂತ್ರಭಾಗಗಳಿಗೆ ಬೇಲಿಯಂಥ ರಕ್ಷಣೆ ಇರಬೇಕೆಂದು ವಿಧಿಸಿತ್ತಾದರೂ, ಆ ಕಾಯಿದೆ ಕಾರ್ಖಾನೆಯ ಬಾಗಿಲಿನಲ್ಲೇ ನಿಂತಿತು. ಹೊಲದ ಬಾವಿಯಲ್ಲಿ, ಪಂಚೆಯ ಅಂಚನ್ನೋ ಹೆಗಲ ಟವಲನ್ನೋ ಬೆಲ್ಟು ಎಳೆದುಕೊಳ್ಳದಂತೆ ಕಾಪಾಡಲು ಇದ್ದುದು ಕಂಡವರು ಹೇಳಿದ ಎಚ್ಚರಿಕೆಯ ಮಾತು ಮಾತ್ರ.

ಎಂಜಿನ್ನಿನ ಜೊತೆ ಬೆಳೆದವರು ಅದರ ಮಾತನ್ನು ಕಲಿತರು. ಕಪ್ಪು ಹೊಗೆ ಬಂದರೆ ಹೊರೆ ಹೆಚ್ಚಾಗಿದೆ ಅಥವಾ ಗಾಳಿಶೋಧಕ ಕಟ್ಟಿಕೊಂಡಿದೆ. ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗು ಸವೆದು ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ ಅಥವಾ ಸಿಲಿಂಡರಿಗೆ ನೀರು ಸೇರುತ್ತಿದೆ. ಡೀಸೆಲ್ ಪೂರ್ತಿ ಖಾಲಿಯಾಗಲು ಬಿಟ್ಟರೆ ಕೊಳವೆಗೆ ಗಾಳಿ ಸೇರಿಕೊಳ್ಳುತ್ತದೆ, ಆಗ ತಿರುಪನ್ನು ಸಡಿಲಿಸಿ, ಗುಳ್ಳೆ ನಿಂತು ಬರೀ ಎಣ್ಣೆ ಬರುವವರೆಗೆ ‘ಏರ್ ತೆಗೆಯ’ಬೇಕು. ಬೇಸಿಗೆಯ ಧೂಳಿನ ಸೀಮೆಯಲ್ಲಿ ಗಾಳಿಶೋಧಕದ ಬಗೆಗಿನ ಅಸಡ್ಡೆ ಎಂಜಿನ್ನಿನ ಆಯುಷ್ಯವನ್ನು ಕಡಿಮೆ ಮಾಡುತ್ತದೆ, ಏಕೆಂದರೆ ಒಳಸೇರಿದ ನುಣ್ಣನೆಯ ಮಣ್ಣು ಆಯಿಲ್ಲಿನೊಂದಿಗೆ ಬೆರೆತು ಸಿಲಿಂಡರನ್ನು ಸಾಣೆಯಂತೆ ಉಜ್ಜುತ್ತದೆ.

1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪನೆಯಾದ ನಂತರ ಹಳ್ಳಿಗಳಿಗೆ ತಂತಿ ಹಬ್ಬುತ್ತಾ ಹೋದಂತೆ ವಿದ್ಯುತ್ ಪಂಪ್‌ಸೆಟ್ಟುಗಳು ಡೀಸೆಲ್ ಎಂಜಿನ್ನುಗಳ ಸ್ಥಾನಕ್ಕೆ ಬಂದವು. ಆದರೆ ತೆರೆದ ಬಾವಿಯ ಎಂಜಿನ್ನಿನ ಕಾಲವನ್ನು ಕೊನೆಗಾಣಿಸಿದ್ದು ಇನ್ನೊಂದು ಡೀಸೆಲ್ ಎಂಜಿನ್ನೇ. ಲಾರಿಯ ಮೇಲೆ ಕಟ್ಟಿದ ಡೀಸೆಲ್ ಕಂಪ್ರೆಸರ್, ಅಂದರೆ ಗಾಳಿಯನ್ನು ಅತಿಯಾಗಿ ಒತ್ತಿ ಕೊಡುವ ಯಂತ್ರ, ಗಟ್ಟಿ ಬಂಡೆಯನ್ನು ಪುಡಿಮಾಡುವ ಸುತ್ತಿಗೆಗೆ ಶಕ್ತಿ ನೀಡಿತು. ತಮಿಳುನಾಡಿನ ತಿರುಚೆಂಗೋಡಿನಂಥ ಊರುಗಳಿಂದ ಬಂದ ಕೊಳವೆಬಾವಿ ಲಾರಿಗಳು ಕೋಲಾರ ಸೀಮೆಯ ನೆಲವನ್ನು ನೂರಾರು ಅಡಿ, ಕ್ರಮೇಣ ಸಾವಿರ ಅಡಿಗೂ ಮೀರಿ ಕೊರೆದವು. ತೆರೆದ ಬಾವಿಗಳು ಬತ್ತಿದವು, ಕೆರೆಗಳು ಹೂಳು ತುಂಬಿ ನಿಂತವು, ನೀರುಗಂಟಿಯ ಕಸುಬು ಮರೆಯಾಯಿತು. ಎತ್ತಿನ ದಣಿವು ಬಾವಿಗೆ ನೀಡುತ್ತಿದ್ದ ಬಿಡುವನ್ನು ದಣಿಯದ ಯಂತ್ರ ನೀಡಲಿಲ್ಲ ಎಂಬುದು ಈ ಚರಿತ್ರೆಯ ನೋವಿನ ಅಧ್ಯಾಯ.

ಬಾವಿಯಿಂದ ಹೊರಬಂದ ಡೀಸೆಲ್ ಎಂಜಿನ್ ಜನರೇಟರ್ ಕೋಣೆಯನ್ನು ಸೇರಿತು. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಸ್ಥಾವರ ಆರಂಭವಾಗುವವರೆಗೆ ರಾಜ್ಯದ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಜಲಾಶಯಗಳನ್ನೇ ನೆಚ್ಚಿಕೊಂಡಿದ್ದರಿಂದ, ಮಳೆ ಕೈಕೊಟ್ಟ ವರ್ಷ ಕರೆಂಟು ಕೂಡ ಕೈಕೊಡುತ್ತಿತ್ತು. ಆಮೇಲೂ ಕರೆಂಟು ಆಗಾಗ ಹೋಗುತ್ತಲೇ ಇದ್ದುದರಿಂದ ಆಸ್ಪತ್ರೆ, ಚಿತ್ರಮಂದಿರ, ಮದುವೆ ಛತ್ರ, ಮೊಬೈಲ್ ಗೋಪುರ, ಮಾವಿನ ಸುಗ್ಗಿಯಲ್ಲಿ ರಾತ್ರಿಯೂ ವಹಿವಾಟು ನಡೆಯುವ ಮಂಡಿ, ಮಾಲೂರು ಮತ್ತು ನರಸಾಪುರದ ಕೈಗಾರಿಕೆಗಳು, ಎಲ್ಲಕ್ಕೂ ಜನರೇಟರ್ ಬೇಕಾಯಿತು. ಹೈನುಗಾರಿಕೆಗೆ ಹೆಸರಾದ ಈ ಜಿಲ್ಲೆಯ ಹಾಲು ಶೀತಲೀಕರಣ ಕೇಂದ್ರಗಳಲ್ಲಿ ಅದರ ಪಾತ್ರ ಇನ್ನೂ ಹಿರಿದು. ಕರೆದ ಹಾಲನ್ನು ಕೆಲವೇ ಗಂಟೆಗಳಲ್ಲಿ 4 ಡಿಗ್ರಿಗೆ ಇಳಿಸದಿದ್ದರೆ ಅದು ಕೆಡುತ್ತದೆ, ಕರೆಂಟು ಹೋದ ಹೊತ್ತಿನಲ್ಲಿ ಇಡೀ ಊರಿನ ಹಾಲು ಒಂದು ಎಂಜಿನ್ನಿನ ಆರೋಗ್ಯವನ್ನು ನಂಬಿಕೊಂಡಿರುತ್ತದೆ.

ಜನರೇಟರಿನಲ್ಲಿ ಎಂಜಿನ್ ತಿರುಗಿಸುವುದು ಆಲ್ಟರ್ನೇಟರನ್ನು, ಅಂದರೆ ಸುರುಳಿಗಳ ನಡುವೆ ಅಯಸ್ಕಾಂತವನ್ನು ತಿರುಗಿಸಿ ವಿದ್ಯುತ್ತು ಹುಟ್ಟಿಸುವ ಭಾಗವನ್ನು. ನಾಲ್ಕು ಧ್ರುವಗಳ ಆಲ್ಟರ್ನೇಟರ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಸೆಕೆಂಡಿಗೆ 50 ಆವರ್ತನೆಯ ವಿದ್ಯುತ್ತು ದೊರೆಯುವುದರಿಂದ, ಹೊರೆ ಏರಿಳಿದರೂ ವೇಗ ಬದಲಾಗದಂತೆ ಡೀಸೆಲ್ಲನ್ನು ಅಳೆದು ಬಿಡುವ ಗವರ್ನರ್ ಇಲ್ಲಿ ಯಂತ್ರದ ಹೃದಯದಂತಿದೆ. ಹೊಸ ಕೆಲಸದೊಂದಿಗೆ ಹೊಸ ಅಪಾಯಗಳೂ ಬಂದವು. ಹೊರಗಿನ ತಂತಿ ಮತ್ತು ಜನರೇಟರ್ ಎಂದೂ ಒಂದಕ್ಕೊಂದು ಕೂಡದಂತೆ ಚೇಂಜ್‌ಓವರ್ ಸ್ವಿಚ್ ಇರಬೇಕು. ಅದಿಲ್ಲದಿದ್ದರೆ ಜನರೇಟರಿನ ವಿದ್ಯುತ್ತು ಹಿಮ್ಮುಖವಾಗಿ ಹರಿದು, ಕರೆಂಟಿಲ್ಲವೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಪ್ರಾಣ ತೆಗೆಯಬಲ್ಲದು. ಯಂತ್ರದ ಚೌಕಟ್ಟಿಗೆ ಎರಡು ಪ್ರತ್ಯೇಕ ಅರ್ಥಿಂಗ್ ಇರಬೇಕು. ಕಾದ ರೇಡಿಯೇಟರಿನ ಮುಚ್ಚಳ ತೆಗೆದರೆ ಒತ್ತಡದಲ್ಲಿದ್ದ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಸಾಮರ್ಥ್ಯದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಹೊರೆಯಲ್ಲಿ ದೀರ್ಘಕಾಲ ಓಡಿಸಿದರೆ ಅರೆಬೆಂದ ಎಣ್ಣೆ ಮಸಿಯಾಗಿ ಹೊಗೆಕೊಳವೆಯಲ್ಲಿ ಕಟ್ಟುತ್ತದೆ. ಮುಚ್ಚಿದ ಕೋಣೆಯಲ್ಲಿಯೋ ಅಂಗಡಿಯ ನೆಲಮಾಳಿಗೆಯಲ್ಲಿಯೋ ಓಡುವ ಜನರೇಟರ್ ಬಾವಿಯೊಳಗಿನ ಎಂಜಿನ್ನಿನಷ್ಟೇ ಮಾರಕ. ಜಾಗ ಬದಲಾಗಿದೆ, ವಿಷಾನಿಲ ಅದೇ.

ಕಾನೂನು ಈ ಯಂತ್ರವನ್ನು ಹಿಂಬಾಲಿಸುತ್ತಾ ಬಂದಿದೆ. 2005ರಿಂದ ಜನರೇಟರಿನ ಕವಚದ ಹೊರಗೆ ಒಂದು ಮೀಟರ್ ದೂರದಲ್ಲಿ ಸದ್ದು 75 ಡೆಸಿಬಲ್ ಮೀರಬಾರದೆಂಬ ನಿಯಮ ಜಾರಿಗೆ ಬಂತು; ಹೊಗೆಯ ಮಿತಿಗಳು 2014ರಲ್ಲಿ, ಮತ್ತೆ 2023ರಲ್ಲಿ ಬಿಗಿಯಾದವು. ಕಾನೂನಿನ ಪತ್ರಕ್ಕಿಂತ ಹೆಚ್ಚಾಗಿ ಎಂಜಿನ್ ಕೋಣೆಯನ್ನು ಕಾಯುವುದು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ, ಎಣ್ಣೆಗೈಯ ಗುರುತುಗಳಿರುವ ಲಾಗ್ ಪುಸ್ತಕ. ಎಷ್ಟು ಗಂಟೆ ಓಡಿತು, ಆಯಿಲ್ಲಿನ ಒತ್ತಡವೆಷ್ಟು, ನೀರಿನ ಕಾವೆಷ್ಟು, ಯಾವಾಗ ಆಯಿಲ್ ಬದಲಾಯಿತು, ಯಾವ ಸದ್ದು ಹೊಸದಾಗಿ ಕೇಳಿಸಿತು ಎಂಬುದನ್ನು ಪಾಳಿಯವನು ತಪ್ಪದೆ ಬರೆದಿಟ್ಟರೆ, ಮುಂದಿನ ಪಾಳಿಯವನು ಅವನ ಕಣ್ಣು ಕಿವಿಗಳನ್ನೂ ಪಡೆದಂತಾಗುತ್ತದೆ.

ಇರುಳಿನ ಮಳೆಯಲ್ಲಿ ಏರಿಯ ಮೇಲೆ ನಡೆದ ನೀರುಗಂಟಿಗೆ ಅವನ ಜ್ಞಾನಕ್ಕೆ ತಕ್ಕ ಗೌರವವನ್ನು ಊರು ಕೊಡಲಿಲ್ಲ. ಅವನು ಇಲ್ಲವಾದ ಮೇಲೆ ಒಡೆದ ತೂಬುಗಳೂ ಹೂಳು ತುಂಬಿದ ಕಾಲುವೆಗಳೂ ಅವನು ಮಾಡುತ್ತಿದ್ದುದೇನೆಂದು ತೋರಿಸಿಕೊಟ್ಟವು. ಹಾಲಿನ ಕೇಂದ್ರದಲ್ಲಿ, ಆಸ್ಪತ್ರೆಯ ಹಿತ್ತಿಲಿನಲ್ಲಿ, ಮಂಡಿಯ ಮೂಲೆಯಲ್ಲಿ ಎಂಜಿನ್ ನೋಡಿಕೊಳ್ಳುವ ಇಂದಿನ ಆಪರೇಟರ್ ಅದೇ ಕಸುಬಿನ ವಾರಸುದಾರ. ಅವನಿಗೆ ತಕ್ಕ ತರಬೇತಿ, ತಕ್ಕ ಕೂಲಿ, ಕಿವಿಗೆ ರಕ್ಷಣೆ, ಕೋಣೆಗೆ ಗಾಳಿ ಒದಗಿಸುವುದು ನೀರುಗಂಟಿಯ ವಿಷಯದಲ್ಲಿ ಆದ ತಪ್ಪು ಮತ್ತೆ ಆಗದಂತೆ ನೋಡಿಕೊಳ್ಳುವ ದಾರಿ.