ಗೊರಕೆ ನಿಂತಾಗ

ಬೇಸಿಗೆ ಬಂತೆಂದರೆ ರೋಣದ ನಮ್ಮ ಮನೆಯಲ್ಲಿ ಎಲ್ಲರ ಹಾಸಿಗೆಯೂ ಮಾಳಿಗೆಯ ಮೇಲೆ. ದೊಡ್ಡಪ್ಪನ ಗೊರಕೆ ಶುರುವಾದರೆ ಹುಡುಗರಾದ ನಾವು ಕೌದಿಯೊಳಗೆ ಮುಖ ಮುಚ್ಚಿಕೊಂಡು ನಗುತ್ತಿದ್ದೆವು. ಓಣಿಯವರು ಅವನಿಗೆ ಕುಂಭಕರ್ಣನೆಂದೇ ಹೆಸರಿಟ್ಟಿದ್ದರು. ಅರಿವೆ ಗಂಟು ಹೊತ್ತು ನರಗುಂದ, ಗಜೇಂದ್ರಗಡದ ಸಂತೆಗೆ ಹೊರಟರೆ ಬಸ್ಸಿನಲ್ಲಿ ಕುಳಿತಲ್ಲೇ ತೂಕಡಿಸುತ್ತಿದ್ದ. ಗಿರಾಕಿ ದರ ಕೇಳುವಷ್ಟರಲ್ಲಿ ಕಣ್ಣು ಮುಚ್ಚುತ್ತಿದ್ದ. ರಾತ್ರಿಯೆಲ್ಲ ಮಲಗಿದವನಿಗೆ ಹಗಲೂ ನಿದ್ದೆಯೇ ಎಂದು ಜನ ಆಡಿಕೊಳ್ಳುತ್ತಿದ್ದರು.

ನಗದೆ ಇದ್ದವಳು ದೊಡ್ಡವ್ವ ಒಬ್ಬಳೇ. ಒಂದು ರಾತ್ರಿ ನನಗೆ ಎಚ್ಚರವಾದಾಗ ಅವಳು ಎದ್ದು ಕುಳಿತಿದ್ದಳು.

"ಗೊರಕಿಗೆ ನಿದ್ದಿ ಬರವಲ್ದೇನು ದೊಡ್ಡವ್ವ?" ಎಂದೆ.

"ಗೊರಕಿ ಕೇಳಿಸಿದ್ರ ನಿದ್ದಿ ಬರತೈತಿ ತಮ್ಮಾ. ಅದು ನಿಂತ್ರ ನಂಗ ಎಚ್ಚರಾಗತೈತಿ."

ಆಗ ಸದ್ದು ನಿಂತಿತ್ತು. ಅವಳು ಭುಜ ಅಲುಗಿಸಿದಳು. ಬಾವಿಯಲ್ಲಿ ಮುಳುಗೆದ್ದವನಂತೆ ಅವನು ಉಸಿರೆಳೆದುಕೊಂಡ. ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ತಲೆದಿಂಬು ಕೊಟ್ಟಳು.

ಇಂಥವರನ್ನು ಕಂಡು ನಕ್ಕವರು ನಾವಷ್ಟೇ ಅಲ್ಲ. ಚಾರ್ಲ್ಸ್ ಡಿಕನ್ಸ್ 1836-37ರಲ್ಲಿ ಬರೆದ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಲ್ಲಿ ಜೋ ಎಂಬ ದಪ್ಪ ಹುಡುಗ ಹೊತ್ತುಗೊತ್ತಿಲ್ಲದೆ ನಿದ್ದೆಹೋಗಿ ಓದುಗರನ್ನು ನಗಿಸುತ್ತಾನೆ. 1956ರಲ್ಲಿ ಅಮೆರಿಕದ ವೈದ್ಯ ಬರ್ವೆಲ್ ಮತ್ತು ಸಂಗಡಿಗರು, ಇಸ್ಪೀಟಿನಲ್ಲಿ ಒಳ್ಳೆಯ ಎಲೆ ಬಂದಾಗಲೇ ನಿದ್ದೆಹೋದ ರೋಗಿಯೊಬ್ಬನ ವಿಷಯ ಬರೆದು, ಆ ಕಾಯಿಲೆಗೆ ಪಿಕ್‌ವಿಕ್ ಹೆಸರನ್ನೇ ಕೊಟ್ಟರು. ಅವರ ಕಣ್ಣು ಬಿದ್ದದ್ದು ಬೊಜ್ಜಿನ ಮೇಲೆ. ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ಕಟ್ಟುವುದನ್ನು ಫ್ರಾನ್ಸ್ ಮತ್ತು ಜರ್ಮನಿಯ ವೈದ್ಯರು ಯಂತ್ರದಲ್ಲಿ ದಾಖಲಿಸಿದ್ದು 1965ರಲ್ಲಿ. ನಮ್ಮ ದೊಡ್ಡವ್ವ ಅದನ್ನು ಬರಿಗಿವಿಯಲ್ಲೇ ಕೇಳಿದ್ದಳು.

ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಾಗಿ ದಾರಿ ಕಿರಿದಾದರೆ ಗೊರಕೆ. ಪೂರ್ತಿ ಮುಚ್ಚಿದರೆ ಮೌನ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಬೆಚ್ಚಿ ಎಬ್ಬಿಸುತ್ತದೆ. ಗಂಟೆಗೆ 30 ಸಲಕ್ಕಿಂತ ಹೆಚ್ಚು ಹೀಗಾಗುವವರೂ ಇದ್ದಾರೆ. ಹಗಲು ತೂಕಡಿಸದೆ ಅವರೇನು ಮಾಡಿಯಾರು?

ಹಬೆ, ನಸ್ಯ, ಜಲನೇತಿ ನಮ್ಮಲ್ಲಿ ಹಳೆಯವು. 1993ರಲ್ಲಿ ಅಮೆರಿಕದ ಬ್ರೂಸ್ ಜಾನ್ಸನ್ ರೂಪಿಸಿದ 'ಬ್ರೀದ್ ರೈಟ್' ಪಟ್ಟಿ ಪೇಟೆಗೆ ಬಂತು. ಮೂಗಿನ ಮೇಲೆ ಅಂಟಿಸಿದರೆ ಒಳಗಿನ ಪ್ಲಾಸ್ಟಿಕ್ ಸ್ಪ್ರಿಂಗು ಹೊಳ್ಳೆಗಳನ್ನು ಅಗಲಿಸುತ್ತದೆ. ಕಟ್ಟಿದ ಮೂಗಿಗೆ ಇವೆಲ್ಲ ಸರಿ. ಮುಚ್ಚಿದ ಗಂಟಲಿಗೆ ಸಾಲವು. ಗಂಟಲಿಗೆ ಮದ್ದು ಸಿಕ್ಕಿದ್ದೂ ಮೂಗಿನ ದಾರಿಯಿಂದಲೇ. ಸಿಡ್ನಿಯ ವೈದ್ಯ ಕಾಲಿನ್ ಸಲಿವನ್, ಮೂಗಿಗೆ ಮಾಸ್ಕ್ ಕಟ್ಟಿ ಯಂತ್ರದಿಂದ ಒಂದೇ ಸಮನೆ ಗಾಳಿ ಒತ್ತಿದರೆ ಗಂಟಲು ತೆರೆದೇ ಇರುತ್ತದೆಂದು 1981ರಲ್ಲಿ ಐವರು ರೋಗಿಗಳಲ್ಲಿ ತೋರಿಸಿಕೊಟ್ಟರು. ಅದೇ ಇಂದಿನ ಸಿಪ್ಯಾಪ್.

ದೊಡ್ಡಪ್ಪ ಅದಕ್ಕೂ ಎರಡು ವರ್ಷ ಮೊದಲೇ ಹೋಗಿಬಿಟ್ಟ. ದೊಡ್ಡವ್ವ ತವರಿಗೆ ಹೋಗಿದ್ದ ರಾತ್ರಿ ಮಲಗಿದವನು ಏಳಲಿಲ್ಲ. ಹೃದಯ ನಿಂತಿತೆಂದರು. ಗೊರಕೆಯ ಮೇಲೆ ಅಪವಾದ ಹೊರಿಸಲು ನನ್ನಲ್ಲಿ ಪುರಾವೆಯಿಲ್ಲ. "ನಾ ಇದ್ದಿದ್ರ ಅಲಗಾಡಿಸ್ತಿದ್ದೆ" ಎಂಬ ಅವಳ ಮಾತು ಮಾತ್ರ ಕೊನೆಯತನಕ ನಿಲ್ಲಲಿಲ್ಲ.

ಈಗ ಆ ಯಂತ್ರ ನನ್ನ ತಲೆದೆಸೆಯಲ್ಲೇ ಇದೆ. ಮೊಮ್ಮಕ್ಕಳು ನನ್ನನ್ನು ಆನೆ ಎಂದು ನಗುತ್ತಾರೆ, ನಗಲಿ. ನಡುರಾತ್ರಿ ಕರೆಂಟು ಹೋದಾಗ ಮಾಸ್ಕ್ ತೆಗೆದಿಟ್ಟು ಮಗ್ಗುಲಾಗುತ್ತೇನೆ. ಕತ್ತಲಲ್ಲಿ ಹೆಂಡತಿಯ ದನಿ ಕೇಳುತ್ತದೆ: "ಮಲಗ್ರಿ, ನಾ ಎಚ್ಚರದೀನಿ."