ಡಬ್ಬಿಯ ಹೊರಗೂ ಲಿನಕ್ಸ್: ಮನೆ ರೂಟರ್ ನಡೆದುಬಂದ ದಾರಿ

ಫೈಬರ್ ಎಳೆಯಲು ಬಂದ ಹುಡುಗ ರೂಟರ್ ಡಬ್ಬಿಯನ್ನೂ ಇಟ್ಟುಹೋಗುವ ಈ ದಿನಗಳಲ್ಲಿ, ಲಿನಕ್ಸ್ ಕಂಪ್ಯೂಟರನ್ನೇ ರೂಟರ್ ಮಾಡಿಕೊಳ್ಳುವುದು ಪುರುಸೊತ್ತಿದ್ದವರ ಹವ್ಯಾಸ ಎಂಬ ಮಾತು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕಂಪ್ಯೂಟರ್ ಅಂಗಡಿಗಳಲ್ಲೂ ಚಾಲ್ತಿಗೆ ಬಂದಿದೆ. ಆ ಡಬ್ಬಿಗಳಲ್ಲಿ ಬಹುಪಾಲಿನೊಳಗೆ ಓಡುವುದೂ ಲಿನಕ್ಸೇ. ಬದಲಾದದ್ದು ಅದರ ಪಾಸ್‌ವರ್ಡ್ ಯಾರ ಬಳಿ ಇದೆ ಎಂಬುದು.

ಒಂದೇ ಐಪಿ ವಿಳಾಸದ ಹಿಂದೆ ಹಲವು ಯಂತ್ರಗಳನ್ನು ಕೂರಿಸುವ ನ್ಯಾಟ್ 1994ರಲ್ಲಿ ಆರ್‌ಎಫ್‌ಸಿಯಾಗಿ ಪ್ರಕಟವಾಯಿತು. ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ ಐಪಿಚೈನ್ಸ್ ಬಂದುಹೋಗಿ, 2001ರ 2.4 ಕರ್ನಲ್ ಜೊತೆ ಐಪಿಟೇಬಲ್ಸ್ ನೆಲೆನಿಂತಿತು. ನಮ್ಮಲ್ಲಿ ಅನೇಕರ ಕೈಗೆ ಲಿನಕ್ಸ್ ಸಿಕ್ಕಿದ್ದು ಪಿಸಿ ಕ್ವೆಸ್ಟ್ ಪತ್ರಿಕೆಯ ಸಿಡಿಗಳಿಂದ. ಅದರ ಹಿಂದಿದ್ದ ಅತುಲ್ ಚಿಟ್ನಿಸ್ ಬೆಳಗಾವಿಯಲ್ಲಿ ಓದಿದವರು. 

ನಮ್ಮ ಪೀಳಿಗೆಗೆ ಕೆಲಸ ಸಿಕ್ಕಿದ್ದು 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾದ ಮೇಲೆ. ಮೂಲೆಗೆ ಬಿದ್ದ ಪೆಂಟಿಯಂ, ಎರಡು ರಿಯಲ್‌ಟೆಕ್ ಕಾರ್ಡ್, ಒಂದು ಸ್ವಿಚ್ ಸಾಕಿತ್ತು. ಮೋಡೆಮನ್ನು ಬ್ರಿಡ್ಜ್ ಮೋಡ್‌ಗೆ ಹಾಕಿ ಪಿಪಿಪಿಒಇ ಲಾಗಿನ್ ಲಿನಕ್ಸಿಗೇ ಕೊಡುವುದು, ಐಪಿ ಫಾರ್ವರ್ಡಿಂಗ್ ಆನ್ ಮಾಡುವುದು, ಮಾಸ್ಕರೇಡ್ ನಿಯಮ ಬರೆಯುವುದು, ವಿಳಾಸ ಹಂಚಲು ಡಿಎನ್‌ಎಸ್‌ಮಾಸ್ಕ್ ಹಚ್ಚುವುದು: ಇಷ್ಟಾದರೆ ಮನೆಯೆಲ್ಲ ಇಂಟರ್‌ನೆಟ್. ಆಮೇಲೆ ಬರುತ್ತಿತ್ತು ದೂರು: ‘ಮೇಲ್ ಓಪನ್ ಆಗ್ತೈತ್ರಿ, ಬ್ಯಾಂಕಿನ ಪೇಜ್ ಅರ್ಧಕ್ಕ ನಿಂತೈತಿ.’ ಪಿಪಿಪಿಒಇ 8 ಬೈಟ್ ತಿನ್ನುವುದರಿಂದ 1500ರ ಪ್ಯಾಕೆಟ್ 1492ಕ್ಕೆ ಇಳಿಯಬೇಕು. ಹಾಗೆ ತಿಳಿಸುವ ಐಸಿಎಂಪಿ ಸಂದೇಶವನ್ನು ನಡುವೆ ಯಾರೋ ತಡೆದಿರುತ್ತಾರೆ. ಎಂಎಸ್‌ಎಸ್ ಅನ್ನು 1452ಕ್ಕೆ ಇಳಿಸುವ ಒಂದು ಸಾಲು ಸೇರಿಸಿದರೆ ಪುಟ ಪೂರ್ತಿ ತೆರೆಯುತ್ತಿತ್ತು. ಇಂಥ ಕಡೆಯೇ ಕಸುಬು ಕಲಿತದ್ದು. ರೀಸ್ಟಾರ್ಟ್ ಗುಂಡಿ ಒತ್ತಿ ಯಾರೂ ಏನೂ ಕಲಿತಿಲ್ಲ.

ಇನ್ನೊಂದು ಕವಲು, ರೂಟರ್ ಡಬ್ಬಿಗೇ ನಾವೇ ಹಾಕಿಕೊಳ್ಳುವ ಲಿನಕ್ಸ್ ಆದ ಓಪನ್‌ಡಬ್ಲ್ಯುಆರ್‌ಟಿ. ಲಿಂಕ್‌ಸಿಸ್ ತನ್ನ ಡಬ್ಲ್ಯುಆರ್‌ಟಿ54ಜಿ ರೂಟರಿನ ಮೂಲಸಂಕೇತವನ್ನು 2003ರಲ್ಲಿ ಬಿಡುಗಡೆ ಮಾಡಬೇಕಾಗಿ ಬಂದಿತು. ಮರುವರ್ಷ ಈ ಯೋಜನೆ ಹುಟ್ಟಿತು. ಕೆಲವೇ ವಾಟ್‌ನಲ್ಲಿ ನಡೆಯುವ ಡಬ್ಬಿ ಸಣ್ಣ ಯುಪಿಎಸ್ ಮೇಲೂ ಗಂಟೆಗಟ್ಟಲೆ ಉಳಿಯುತ್ತದೆ. ಕರೆಂಟ್ ಹೋಗುವ ಊರಲ್ಲಿ ಇದು ಸಣ್ಣ ಲಾಭವಲ್ಲ. ಆದರೂ ಪೂರ್ಣ ಡೆಬಿಯನ್ ಕೊಡುವ ವಿಸ್ತಾರ ಅದಕ್ಕಿಲ್ಲ ಎಂಬುದು ನನ್ನ ಪಕ್ಷಪಾತ. ಪ್ಯಾಕೆಟ್‌ಗಳ ಸರದಿ ನಿಭಾಯಿಸುವ 2012ರ ಎಫ್‌ಕ್ಯೂ-ಕೋಡೆಲ್, 2018ರ ಕೇಕ್ ಈ ಎರಡೂ ಬಗೆಯ ರೂಟರಿಗೆ ಬಲ ಕೊಟ್ಟವು: ಒಬ್ಬರು ವಿಡಿಯೋ ಅಪ್‌ಲೋಡ್ ಮಾಡುವಾಗ ಇನ್ನೊಬ್ಬರ ಆನ್‌ಲೈನ್ ಕ್ಲಾಸ್ ತಡವರಿಸುವುದು ಇವುಗಳಿಂದ ತಪ್ಪಿತು. ಕಂಪನಿ ಡಬ್ಬಿಗಳಲ್ಲಿ ಇವು ಸಿಗುವುದು ಕಡಿಮೆ. ಬ್ಯಾಡಗಿ ಮೆಣಸಿನಕಾಯಿಯಂತೆ ಬಣ್ಣ ಜೋರು, ಖಾರ ಕಮ್ಮಿ.

2011ರ ಏಪ್ರಿಲ್‌ನಲ್ಲಿ ಏಷ್ಯಾ–ಪೆಸಿಫಿಕ್ ವಲಯದ ಐಪಿವಿ4 ದಾಸ್ತಾನು ಕೊನೆಯ ಮೀಸಲು ಪಾಲಿಗೆ ಬಂದು ನಿಂತಿತು. ಈಗ ಅನೇಕ ಮನೆಗಳಿಗೆ ಬರುವುದು ಸಿಜಿನ್ಯಾಟ್‌ನ, ಅಂದರೆ ಕಂಪನಿಯೇ ತನ್ನ ಕಡೆ ಮಾಡುವ ನ್ಯಾಟ್‌ನ, 100.64 ಸಾಲಿನ ವಿಳಾಸ. ಹೊರ ಊರಿನಿಂದ ಅಂಗಡಿಯ ಕ್ಯಾಮೆರಾವನ್ನು ನೇರ ನೋಡಲಾಗದ್ದು ಇದರಿಂದಲೇ. ಮದ್ದು ಐಪಿವಿ6, ಆದರೆ ಹಳೆಯ ಐಪಿಟೇಬಲ್ಸ್ ನಿಯಮಗಳು ಅದಕ್ಕೆ ಅನ್ವಯಿಸುವುದಿಲ್ಲ. 2014ರ ಎನ್‌ಎಫ್‌ಟೇಬಲ್ಸ್‌ನಲ್ಲಿ ಎರಡಕ್ಕೂ ಒಂದೇ ಕಡೆ ಬೇಲಿ ಹಾಕಬಹುದು. ಹಳೆಯ ಸಾಲುಗಳನ್ನು ನಕಲು ಹೊಡೆಯುವವರ ಮನೆಯಲ್ಲಿ ಬಾಗಿಲು ತೆರೆದೇ ಇರುತ್ತದೆ.

ಇದನ್ನೆಲ್ಲ ಕಲಿಸುವ ಕನ್ನಡ ಕೈಪಿಡಿ ನಮ್ಮ ಅಂಗಡಿಗಳಲ್ಲಿಲ್ಲ. ಒಎಸ್‌ಐನ ಏಳು ಪದರ ಬಾಯಿಪಾಠ ಒಪ್ಪಿಸುವ ಹುಡುಗರಲ್ಲಿ ಎರಡು ಕಾರ್ಡ್ ಹಾಕಿ ಪ್ಯಾಕೆಟ್ ದಾಟಿಸಿದವರು ವಿರಳ. ಜಿಲ್ಲೆಯ ಡಿಪ್ಲೊಮಾ ಲ್ಯಾಬುಗಳು ಹಳೆ ಕಂಪ್ಯೂಟರುಗಳನ್ನು ಹರಾಜಿಗಿಡುವ ಮುನ್ನ ನಾಲ್ಕನ್ನಾದರೂ ಇದಕ್ಕೆ ಉಳಿಸಿಕೊಳ್ಳಲಿ. ಬ್ರಿಡ್ಜ್ ಮೋಡ್ ಕೇಳಿದ ಗ್ರಾಹಕನಿಗೆ ಕಂಪನಿಗಳು ನೆಪ ಹೇಳದೆ ಕೊಡಲಿ.